ಕನಕಾಂಬರ ಎಷ್ಟು, ಹಸಿರೆಷ್ಟು? ಹೂವು ನೋಡಿ ಅಬ್‌ಸ್ಟ್ರಾಕ್ಟ್ ಬರೆಯೋರ ಪ್ರಶ್ನೆಗಳು

ಹೋದ ತಿಂಗಳು ಈ ಅಂಕಣದಲ್ಲಿ ಹೂದೋಟ ನೋಡ್ಕೊಂಡು ಅಬ್‌ಸ್ಟ್ರಾಕ್ಟ್ ಚಿತ್ರ ಬರೆಯೋದರ ಬಗ್ಗೆ ಒಂದು ಪುಟ ಬರೆದಿದ್ದೆ, ಅಂದ್ರೆ ಎಸಳು ಎಲೆ ಕಾಂಡ ಅಂತ ಇದ್ದದ್ದು ಇದ್ದ ಹಾಗೆ ಬಿಡಿಸದೆ ಆ ಹೂವು ನೋಡಿದಾಗ ನಮಗೇನಾಯ್ತೋ ಅದನ್ನ ಬರೀ ಬಣ್ಣದಲ್ಲಿ, ಬ್ರಶ್ಶಿನ ಓಟದಲ್ಲಿ ಹಿಡಿಯೋದು. ಅದಕ್ಕೆ ಇಷ್ಟೊಂದು ಪತ್ರ, ವಾಟ್ಸಾಪ್ ಮೆಸೇಜ್ ಬರುತ್ತೆ ಅಂದ್ಕೊಂಡಿರಲಿಲ್ಲ, ತುಂಬಾ ಖುಷಿ ಆಯ್ತು. ಎಲ್ಲದಕ್ಕೂ ಜಾಗ ಇಲ್ಲ, ಕೆಲವಕ್ಕೆ ಉತ್ತರ ಬರೆದಿದೀನಿ.

ಪ್ರಶ್ನೆ: ನಾನು ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್, ವಯಸ್ಸು 61. ಮನೆ ಮುಂದೆ ಡೇಲಿಯಾ, ದಾಸವಾಳ, ಕನಕಾಂಬರ ಎಲ್ಲಾ ಇದೆ. ಹೂವು ಇದ್ದ ಹಾಗೇ ಬಿಡಿಸೋದು ನನಗೆ ಚೆನ್ನಾಗೇ ಬರುತ್ತೆ. ಆದ್ರೆ ಅಬ್‌ಸ್ಟ್ರಾಕ್ಟ್ ಮಾಡೋಣ ಅಂತ ಕೂತ್ರೆ ಐದೇ ನಿಮಿಷಕ್ಕೆ ಎಲ್ಲಾ ಕಲಸುಮೇಲೋಗರ. ಎಲ್ಲಿಂದ ಶುರು ಮಾಡಬೇಕು? (ತೀರ್ಥಹಳ್ಳಿಯ ಓದುಗರು)

ಟೀಚರ್, ನೀವು ಕೂತ ತಕ್ಷಣ ಬ್ರಶ್ ಹಿಡೀತೀರಿ ಅಂತ ನನ್ನ ಅನುಮಾನ. ಮೊದಲನೇ ವಾರ ಬ್ರಶ್ ಮುಟ್ಟಲೇಬೇಡಿ. ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಒಂದು ಕುರ್ಚಿ ಹಾಕ್ಕೊಂಡು ಕನಕಾಂಬರದ ಗಿಡದ ಮುಂದೆ 20 ನಿಮಿಷ ಕೂತ್ಕೊಳ್ಳಿ, ಕೂತ್ಕೊಂಡು ಒಂದೇ ಒಂದು ಪ್ರಶ್ನೆ ಕೇಳ್ಕೊಳ್ಳಿ, ನನ್ನ ಕಣ್ಣೆದುರು ಇರೋದರಲ್ಲಿ ಆ ಕೇಸರಿ ಬಣ್ಣ ಎಷ್ಟಿದೆ? ನನ್ನ ಕ್ಲಾಸಿಗೆ ಬರೋರನ್ನ ಕೇಳಿದ್ರೆ ಎಲ್ರೂ ಮೊದಲು ಹೇಳೋದು ಅರ್ಧದಷ್ಟು ಅಂತಾನೇ. ಆಮೇಲೆ ಒಂದು ಕಣ್ಣು ಮುಚ್ಚಿ, ಅಂಗೈ ಚಾಚಿ ಅಳೆದು ನೋಡಿ ಅಂತೀನಿ. ಹತ್ತು ಪಾಲಲ್ಲಿ ಏಳು ಪಾಲು ಹಸಿರು, ಅದರಲ್ಲೂ ಎಲೆ ಅಡಿಯ ಕಪ್ಪು ಹಸಿರೇ ಜಾಸ್ತಿ, ಎರಡು ಪಾಲು ಮಣ್ಣು, ಗೋಡೆ, ನೆರಳು, ಉಳಿದ ಒಂದು ಪಾಲಿಗೂ ಕಮ್ಮಿ ಆ ಕೇಸರಿ. ಆದ್ರೂ ಮನೆಗೆ ಬಂದವರ ಕಣ್ಣು ಹೋಗೋದು ಅಲ್ಲಿಗೇನೆ. ಅಷ್ಟು ಕಮ್ಮಿ ಇದೆ ಅನ್ನೋದಕ್ಕೇ ಅದು ಅಷ್ಟು ಜೋರಾಗಿ ಕಾಣೋದು. ನೀವು ಕಾಗದದ ತುಂಬಾ ಕೇಸರಿ ಬಳಿದ್ರೆ ಕನಕಾಂಬರ ಅಲ್ಲಿಂದ ಮಾಯ ಆಗಿರುತ್ತೆ.

ಇದು ನಮ್ಮ ಮನೆ ಹೆಂಗಸರಿಗೆ ಮೊದಲಿಂದ ಗೊತ್ತಿರೋ ವಿದ್ಯೆ. ನಮ್ಮಮ್ಮ ಜಗಲಿ ಮೇಲೆ ಕೂತು ದಂಡೆ ಕಟ್ಟೋವಾಗ ನಾಲ್ಕು ಮಲ್ಲಿಗೆಗೆ ಎರಡು ಕನಕಾಂಬರ, ಆಮೇಲೆ ಒಂದೆಳೆ ಮರುಗ, ಮತ್ತೆ ನಾಲ್ಕು ಮಲ್ಲಿಗೆ, ಹೀಗೆ ಬಾಳೆನಾರಲ್ಲಿ ಗಂಟು ಹಾಕ್ತಾ ಹೋಗೋಳು. ಒಂದು ಸಲ ನಾನು ಚಿಕ್ಕವಳು, ಬಣ್ಣ ಜಾಸ್ತಿ ಇದ್ರೆ ಚೆಂದ ಅಂತ ಬರೀ ಕನಕಾಂಬರ ತುಂಬಿಸಿ ಕಟ್ಟಿದ್ದೆ, ಅಮ್ಮ ಏನೂ ಬೈಲಿಲ್ಲ, ಎರಡೂ ದಂಡೆ ಪಕ್ಕಪಕ್ಕ ಹಿಡಿದು ಯಾವುದು ಮುಡ್ಕೋತೀಯ ಅಂದ್ಲು. ನಾನು ಅಮ್ಮನದ್ದೇ ಕಿತ್ಕೊಂಡೆ. ಎಷ್ಟು ಅನ್ನೋ ಲೆಕ್ಕ ಯಾವ ಬಣ್ಣ ಅನ್ನೋದಕ್ಕಿಂತ ದೊಡ್ಡದು ಅಂತ ನನಗೆ ಕಲಿಸಿದ್ದು ಆ ದಂಡೆ.

ಎರಡನೇ ವಾರ ಹಳೇ ಲಗ್ನಪತ್ರಿಕೆಗಳ ಹಿಂಬದಿ ತಗೊಳ್ಳಿ, ದಪ್ಪ ಇರುತ್ತೆ, ಬಣ್ಣ ತಡ್ಕೊಳ್ಳುತ್ತೆ. ಅದರ ಮೇಲೆ ಪೆನ್ಸಿಲ್‌ನಲ್ಲಿ ಒಂದು ಉದ್ದ ಪಟ್ಟಿ, ಅದರಲ್ಲಿ ಹತ್ತು ಮನೆ. ಆವತ್ತು ನೋಡಿದ ಗಿಡದ ಬಣ್ಣಗಳನ್ನ ಅದೇ ಲೆಕ್ಕದಲ್ಲಿ ಮನೆಗಳಿಗೆ ತುಂಬಿಸಿ, ಹೂವಿನ ಆಕಾರ ಬೇಡ. ದಿನಕ್ಕೊಂದು ಪಟ್ಟಿ ಸಾಕು. ಏಳು ದಿನ ಆದ್ಮೇಲೆ ಏಳೂ ಪಟ್ಟಿ ಜೋಡಿಸಿ ಇಟ್ಟು ನೋಡಿದ್ರೆ ಒಂದೆರಡು ನಿಮ್ಮನ್ನ ಎಳೆಯುತ್ತೆ, ಇದು ಆ ಮಳೆ ಬಂದ ದಿನದ್ದು, ಇದು ಬಿಸಿಲಿದ್ದ ದಿನದ್ದು ಅಂತ ಹೆಸರು ಬರೀದೆ ಇದ್ರೂ ಗೊತ್ತಾಗುತ್ತೆ. ಅದನ್ನೇ ದೊಡ್ಡದು ಮಾಡೋದು.

ದೊಡ್ಡದು ಮಾಡೋವಾಗ ಆ ಹೂವಿಗೆ ಒಂದು ಓಟ ಇರುತ್ತಲ್ಲ ಅದನ್ನ ಕೈಗೆ ತಗೊಳ್ಳಿ. ನಿಮ್ಮ ಡೇಲಿಯಾ ನೋಡಿ, ನಡುವಿಂದ ಸುತ್ತುತ್ತಾ ಸುತ್ತುತ್ತಾ ಹೊರಗೆ ಬರುತ್ತೆ, ಒಳಗಡೆ ಬಿಗಿ, ಅಂಚಿಗೆ ಬಂದ ಹಾಗೆ ಸಡಿಲ, ಮಲೆನಾಡಿನ ಮಳೆಗೆ ನೆನೆದು ತಲೆ ಬಗ್ಗಿಸಿದ್ರಂತೂ ಆ ಭಾರ ಪೂರ್ತಿ ಒಂದು ಕಡೆಗೆ ಜಾರಿರುತ್ತೆ. ದಾಸವಾಳದ್ದು ಬೇರೆ, ಐದು ಎಸಳು ಹಿಂದಕ್ಕೆ ಬಾಗಿ ನಡುವಿಂದ ಆ ಉದ್ದ ಕೇಸರ ಮುಂದಕ್ಕೆ ಚಾಚಿರುತ್ತೆ, ಯಾರೋ ಕೈ ನೀಡಿದ ಹಾಗೆ. ನಾನು ದಾಸವಾಳ ಮಾಡಿದಾಗ ಎರಡಿಂಚಿನ ಗೋಡೆ ಬಳಿಯೋ ಬ್ರಶ್ ತಗೊಂಡು ಭುಜದಿಂದ ಒಂದೇ ಒಂದು ಗೀಟು ಎಳೆದೆ, ಕೆಳಗಿಂದ ಮೇಲಕ್ಕೆ ಓರೆಯಾಗಿ, ಬಣ್ಣ ಮುಗಿಯೋವರೆಗೂ, ತುದಿಯಲ್ಲಿ ಬ್ರಶ್ ಒಣಗಿ ಕೂದಲು ಕೂದಲಾಗಿ ಬಿಟ್ಟಿದ್ದು ಆ ಕೇಸರದ ತುದಿಯ ಪುಡಿ ಥರಾನೇ ಬಂತು. ಅದಾದ್ಮೇಲೆ ಎಸಳು ಬಿಡಿಸೋ ಅವಶ್ಯಕತೆಯೇ ಇರಲಿಲ್ಲ, ಸುತ್ತ ಕಪ್ಪು ಹಸಿರು ಹಾಕಿದೆ ಅಷ್ಟೆ. ಬರೆಯೋ ಕೈಯನ್ನ ಬೆರಳಿಂದ ಬಿಡಿಸಿ ಭುಜಕ್ಕೆ ಕೊಡಿ, ನಿಂತ್ಕೊಂಡು ಬರೀರಿ.

ಇನ್ನೊಂದು, ಹೂವಿನ ಮುಂದೆ ಕೂತೇ ಚಿತ್ರ ಬರೀಬೇಡಿ. ಮುಂದೆ ಇದ್ರೆ ನಿಮ್ಮ ಇಷ್ಟು ವರ್ಷದ ಅಭ್ಯಾಸ ಎಸಳು ಎಣಿಸೋಕೆ ಶುರು ಮಾಡುತ್ತೆ. ಜೋನ್ ಮಿಚೆಲ್ ಅಂತ ಅಮೆರಿಕದ ಕಲಾವಿದೆ, 1968ರಿಂದ ಫ್ರಾನ್ಸಿನ ವೆತೊಯ್ ಅನ್ನೋ ಹಳ್ಳೀಲಿದ್ರು, ತೋಟದ ತುಂಬಾ ಸೂರ್ಯಕಾಂತಿ. ಆದ್ರೆ ಅವರು ಹೆಚ್ಚಾಗಿ ರಾತ್ರಿ ಹೊತ್ತು ಸ್ಟುಡಿಯೋ ಒಳಗೆ ನೆನಪಿಂದ ಬರೀತಿದ್ರು. ನೆನಪು ಬೇಡದ್ದನ್ನ ತಾನೇ ಜರಡಿ ಹಿಡಿಯುತ್ತೆ. ಬೆಳಿಗ್ಗೆ ನೋಡಿ, ಮಧ್ಯಾಹ್ನ ಊಟ ಆದ್ಮೇಲೆ ಒಳಗೆ ಕೂತು ಬರೀರಿ.

ಪ್ರಶ್ನೆ: ಮೇಡಂ, ನಾ ಎಂಜಿನಿಯರಿಂಗ್ ಮೂರನೇ ವರ್ಷ ಓದಾಕತ್ತೀನಿ. ಮನಿ ಮುಂದ ಬೋಗನ್‌ವಿಲ್ಲಾ ಬಳ್ಳಿ ಐತಿ, ಅದನ್ನ ಆಕ್ರಿಲಿಕ್‌ನ್ಯಾಗ ಮಾಡಾಕ ಹೋದ್ರ ಆ ರಾಣಿ ಕಲರ್ ಬರಾಂಗೇ ಇಲ್ಲ, ಮ್ಯಾಲ ಎಲ್ಲಾ ಕೆಸರಾಗತೈತಿ. ಏನ್ ತಪ್ಪ್ ಮಾಡಾಕತ್ತೀನಿ? (ಹುಬ್ಬಳ್ಳಿಯ ವಿದ್ಯಾರ್ಥಿ)

ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಇದೆ. ಮೊದಲನೇದು ರಾಣಿ ಕಲರ್. ನಿಮ್ಮ ಸೆಟ್‌ನಲ್ಲಿ ಇರೋ ಕೆಂಪು ಬಹುಶಃ ಸ್ವಲ್ಪ ಕೇಸರಿ ಕಡೆಗೆ ವಾಲಿರೋ ಕೆಂಪು, ಅದಕ್ಕೆ ಬಿಳಿ ಹಾಕಿದ್ರೆ ಸೀಬೆಹಣ್ಣಿನ ಒಳಗಿನ ಬಣ್ಣ ಬರುತ್ತೆ, ಎಷ್ಟು ಕಲಸಿದ್ರೂ ಬೋಗನ್‌ವಿಲ್ಲಾ ಬರಲ್ಲ, ನೀಲಿ ಸೇರಿಸಿದ್ರೆ ಕಂದು ಕಡೆ ಹೋಗುತ್ತೆ. ಇದು ನಿಮ್ಮ ಕೈಯ ತಪ್ಪಲ್ಲ. ಅದಕ್ಕೆ ಬೇಕಾಗಿರೋದು ಕ್ವಿನಾಕ್ರಿಡೋನ್ ಅನ್ನೋ ಪಿಗ್ಮೆಂಟಿನ, ಅಂದ್ರೆ ಬಣ್ಣ ಕೊಡೋ ಪುಡಿಯ, ಮಜೆಂಟಾ ಅಥವಾ ರೋಸ್. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಪಿಆರ್ 122 ಅಂತಾನೋ ಪಿವಿ 19 ಅಂತಾನೋ ಇರುತ್ತೆ, ಅಂಗಡಿಯವರ ಹತ್ರ ಹೆಸರು ಹೇಳೋ ಬದಲು ಈ ನಂಬರ್ ತೋರಿಸಿ. ಅದಕ್ಕೆ ಚೂರು ನೀಲಿ ಹಾಕಿದ್ರೆ ನೆರಳಿನ ಕಡೆಯ ನೇರಳೆ, ಚೂರು ಬಿಳಿ ಹಾಕಿದ್ರೆ ಬಿಸಿಲಿನ ಕಡೆಯದ್ದು. ನಿಜ ಹೇಳಬೇಕಂದ್ರೆ ಆ ಮಜೆಂಟಾ, ಲೆಮನ್ ಯೆಲ್ಲೋ, ಒಂದು ನೀಲಿ, ಒಂದು ದೊಡ್ಡ ಬಿಳಿ ಇಷ್ಟಿದ್ರೆ ಒಂದು ವರ್ಷ ಬೇರೆ ಏನೂ ಕೊಳ್ಳೋದು ಬೇಡ, ಎಲೆ ಹಸಿರನ್ನೂ ಅದರಲ್ಲೇ ಮಾಡ್ಕೊಳ್ಳಿ, ರೆಡಿ ಹಸಿರು ಟ್ಯೂಬಿಂದ ಹಿಂಡಿ ಹಾಗೇ ಬಳಿದ್ರೆ ಪ್ಲಾಸ್ಟಿಕ್ ಎಲೆ ಥರ ಕಾಣುತ್ತೆ.

ಬೋಗನ್‌ವಿಲ್ಲಾವನ್ನ ಹತ್ತಿರ ಹೋಗಿ ನೋಡಿದೀರಾ? ನಾವು ಹೂವು ಅನ್ನೋ ಆ ಬಣ್ಣದ ಕಾಗದದಂಥದ್ದು ನಿಜವಾಗಿ ಎಲೆಯದೇ ಒಂದು ರೂಪ, ಅಸಲಿ ಹೂವು ಅದರ ನಡುವೆ ಇರೋ ಮೂರು ಪುಟ್ಟ ಬಿಳಿ ಕೊಳವೆ. ಆ ಮೂರು ಚುಕ್ಕೆ ಬಿಳಿ ಇಲ್ದೆ ಇದ್ರೆ ಅಷ್ಟೊಂದು ರಾಣಿ ಬಣ್ಣಕ್ಕೆ ಉಸಿರಾಡೋಕೆ ಜಾಗ ಇರ್ತಿರಲಿಲ್ಲ ಅನ್ನಿಸುತ್ತೆ ನನಗೆ.

ಇನ್ನು ಕೆಸರು. ಹಸಿರು, ರಾಣಿ ಎರಡೂ ಒಂದಕ್ಕೊಂದು ಎದುರು ಬಣ್ಣ, ಹಸಿ ಇದ್ದಾಗ ಒಂದರ ಮೇಲೊಂದು ಬಿದ್ರೆ ಕೆಸರೇ ಆಗೋದು, ಬೇರೆ ದಾರಿ ಇಲ್ಲ. ಆಕ್ರಿಲಿಕ್ ಬೇಗ ಒಣಗುತ್ತೆ, ನಿಮ್ಮೂರ ಬ್ಯಾಸಗಿಯಲ್ಲಂತೂ ತೆಳ್ಳಗೆ ಹಾಕಿದ್ದು ಚಹಾ ಕುಡಿದು ಬರೋದ್ರೊಳಗ ಒಣಗಿರುತ್ತೆ, ಅಷ್ಟು ಕಾಯಿರಿ. ನೀರಿಗೆ ಎರಡು ಡಬ್ಬಿ ಇಟ್ಕೊಳ್ಳಿ, ಒಂದು ತೊಳೆಯೋಕೆ, ಇನ್ನೊಂದು ಬಣ್ಣ ತೆಳು ಮಾಡೋಕೆ. ಆಕ್ರಿಲಿಕ್ ಹಸಿ ಇದ್ದಾಗ ಅದರೊಳಗಿನ ಅಂಟು ಹಾಲಿನ ಹಾಗೆ ಬೆಳ್ಳಗಿರುತ್ತೆ, ಒಣಗಿದಾಗ ತಿಳಿ ಆಗುತ್ತೆ, ಅದಕ್ಕೇ ಬಣ್ಣ ಒಣಗಿದ ಮೇಲೆ ಒಂದು ಪಟ್ಟು ಗಾಢ ಆಗೋದು, ಸ್ವಲ್ಪ ತಿಳಿಯಾಗೇ ಕಲಸಿಕೊಳ್ಳಿ.

ಆದ್ರೆ ಒಂದು ಮಾತು. ಪ್ಲೇಟಿನಲ್ಲಿ ಉಳಿದ ಆ ಕೆಸರನ್ನ ಎಸೀಬೇಡಿ. ಪ್ಯಾರಿಸ್‌ನಲ್ಲಿ ಗೋಬ್ಲಾ ಅಂತ ಹಳೇ ಜಮಖಾನೆ ಕಾರ್ಖಾನೆ, ಅಲ್ಲಿ ಬಣ್ಣದ ವಿಭಾಗಕ್ಕೆ ಶೆವ್ರಲ್ ಅನ್ನೋ ರಸಾಯನ ವಿಜ್ಞಾನಿ ಮುಖ್ಯಸ್ಥರು. ಕಪ್ಪು ನೂಲು ಸರಿಯಾಗಿ ಕಪ್ಪಾಗಿ ಕಾಣ್ತಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದ್ರೆ ನೂಲಿನ ಬಣ್ಣದಲ್ಲಿ ಏನೂ ದೋಷ ಇಲ್ಲ, ಪಕ್ಕದಲ್ಲಿ ನೇಯ್ದಿದ್ದ ಬಣ್ಣ ಅದನ್ನ ಹಾಗೆ ಕಾಣೋ ಹಾಗೆ ಮಾಡ್ತಿತ್ತು. 1839ರಲ್ಲಿ ಅವರು ಇದನ್ನೆಲ್ಲ ವಿವರವಾಗಿ ಬರೆದು ಪ್ರಕಟಿಸಿದ್ರು, ಆಮೇಲಿನ ಚಿತ್ರಕಾರರಿಗೆಲ್ಲ ಅದು ದೊಡ್ಡ ದಾರಿ ಆಯ್ತು. ನಿಮ್ಮ ಕೆಸರು ಬಣ್ಣಕ್ಕೆ ಚೂರು ಬಿಳಿ ಸೇರಿಸಿ ಬೂದು ಮಾಡಿ, ರಾಣಿ ಬಣ್ಣದ ಪಕ್ಕ ಒಂದು ದೊಡ್ಡ ತುಂಡು ಹಾಕಿ ನೋಡಿ, ಅದೇ ರಾಣಿ ಎಷ್ಟು ಝಗ್ ಅನ್ನುತ್ತೆ ಅಂತ ನೀವೇ ನೋಡ್ತೀರಿ.

ಪ್ರಶ್ನೆ: ಸೇವಂತಿಗೆ ನೋಡ್ಕೊಂಡು ಹಳದಿ, ಬಿಳಿ, ನೇರಳೆ ಚುಕ್ಕೆಗಳಲ್ಲಿ ಒಂದು ಚಿತ್ರ ಮಾಡಿದೆ, ನನಗೆ ತುಂಬಾ ಇಷ್ಟ ಆಯ್ತು. ನಮ್ಮತ್ತೆ ನೋಡಿ ಇದೇನಮ್ಮ, ಮಗು ಗೀಚಿದ ಹಾಗಿದೆ, ಹೂವೆಲ್ಲಿದೆ ಅಂದ್ರು. ಆವತ್ತಿಂದ ಬ್ರಶ್ ಮುಟ್ಟಿಲ್ಲ. 44 ವರ್ಷ ಆದ್ಮೇಲೆ ಇದೆಲ್ಲ ಬೇಕಾ? (ದಾವಣಗೆರೆಯ ಗೃಹಿಣಿ)

ಖಂಡಿತ ಬೇಕು. ನಿಮಗೆ ಒಬ್ಬರ ಬಗ್ಗೆ ಹೇಳ್ತೀನಿ, ನನಗೆ ಬೇಜಾರಾದಾಗೆಲ್ಲ ನಾನು ನೆನೆಸ್ಕೊಳ್ಳೋದು ಇವರನ್ನೇ. ಆಲ್ಮಾ ಥಾಮಸ್, 1891ರಲ್ಲಿ ಹುಟ್ಟಿದ ಆಫ್ರಿಕನ್ ಅಮೆರಿಕನ್ ಹೆಣ್ಣುಮಗಳು, ವಾಷಿಂಗ್ಟನ್ ನಗರದಲ್ಲಿ 35 ವರ್ಷ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು 1960ರಲ್ಲಿ ರಿಟೈರ್ ಆದ್ರು. ಅವರನ್ನ ಇವತ್ತು ಜಗತ್ತು ನೆನೆಯೋ ಚಿತ್ರಗಳೆಲ್ಲ ಅದಾದ ಮೇಲಿನವು, ಅದೂ ಸಂಧಿವಾತದ ಕೈ ಇಟ್ಕೊಂಡು. ಮನೆ ಕಿಟಕಿ ಹೊರಗೆ ಹಾಲಿ (holly) ಅನ್ನೋ ಜಾತಿಯ ಒಂದು ಮರ ಇತ್ತು, ಅದರ ಎಲೆ ಸಂದೀಲಿ ಬೆಳಕು ಬೀಳೋದನ್ನ, ಊರಿನ ಪಾರ್ಕುಗಳ ಹೂವಿನ ಪಾತಿಗಳನ್ನ ನೋಡಿ ನೋಡಿ ಸಣ್ಣ ಸಣ್ಣ ಬಣ್ಣದ ತುಂಡುಗಳನ್ನ ಸಾಲಾಗಿ, ಇಲ್ಲಾ ವೃತ್ತವಾಗಿ ಜೋಡಿಸ್ತಾ ಹೋದ್ರು, ನಡುವೆ ಬಿಳಿ ಇಣುಕೋ ಹಾಗೆ. 1972ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವರದ್ದೇ ಪ್ರತ್ಯೇಕ ಪ್ರದರ್ಶನ ಆಯ್ತು, ಆ ಮ್ಯೂಸಿಯಂನಲ್ಲಿ ಹಾಗೆ ಒಬ್ಬರೇ ಪ್ರದರ್ಶನ ಮಾಡಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವರು, ಆಗ ವಯಸ್ಸು 80. ಅವರ 1966ರ ಒಂದು ಚಿತ್ರ 2015ರಲ್ಲಿ ಅಮೆರಿಕದ ಶ್ವೇತಭವನದ ಊಟದ ಕೋಣೆಗೆ ಹೋಯ್ತು. ನಿಮಗಿನ್ನೂ 44.

ಅತ್ತೆಯವರ ಮೇಲೆ ಬೇಜಾರು ಮಾಡ್ಕೋಬೇಡಿ, ಅವರು ಹೂವು ಎಲ್ಲಿದೆ ಅಂತ ಕೇಳಿದಾರೆ, ಅದು ಪ್ರಾಮಾಣಿಕ ಪ್ರಶ್ನೆ. ಅವರು ಮನೆ ಮುಂದೆ ರಂಗೋಲಿ ಹಾಕ್ತಾರಲ್ವಾ? ಚುಕ್ಕಿ ಇಟ್ಟು ಎಳೆ ಸುತ್ತಿದ ರಂಗೋಲೀಲಿ ಇದು ಯಾವ ಹೂವು ಅಂತ ಯಾರೂ ಕೇಳಲ್ಲ, ಚೆಂದ ಇದೆ ಅಂತಾರೆ. ಅವರ ಒಂದು ಒಳ್ಳೇ ಇಳಕಲ್ ಸೀರೆ ತೆಗೆದು ಮಂಚದ ಮೇಲೆ ಹರಡಿ, ಅತ್ತೆ, ಈ ಸೆರಗಿನ ಕೆಂಪಿನ ಪಕ್ಕ ಬಿಳಿ ಯಾಕೆ ಇಷ್ಟು ಚೆಂದ ಕಾಣುತ್ತೆ ಅಂತ ಕೇಳಿ, ಅವರೇ ನಿಮಗೆ ಅರ್ಧ ಗಂಟೆ ಹೇಳ್ತಾರೆ. ಆಮೇಲೆ ನಿಮ್ಮ ಚಿತ್ರ ತಂದು ಅದರ ಪಕ್ಕ ಇಡಿ. ಒಪ್ಪಿದ್ರೆ ಸಂತೋಷ, ಒಪ್ಪದಿದ್ರೂ ನಾಳೆ ಬೆಳಿಗ್ಗೆ ಬ್ರಶ್ ತೊಳೆದು ಕೂತ್ಕೊಳ್ಳಿ. ಇಷ್ಟ ಆಯ್ತು ಅಂತ ನೀವೇ ಬರೆದಿದೀರಲ್ಲ, ಅದಕ್ಕಿಂತ ಬೇರೆ ಪರ್ಮಿಶನ್ ಬೇಕಿಲ್ಲ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ನಿಜವಾದ ಹೂವನ್ನೇ ಅರೆದು ಅದರಿಂದಲೇ ಪೇಂಟಿಂಗ್ ಮಾಡಬಹುದಾ? (ಶಿರಸಿಯ ವಿದ್ಯಾರ್ಥಿನಿ)

ಮಾಡಬಹುದು ಪುಟ್ಟಿ, ಮಾಡಲೇಬೇಕು, ಆದ್ರೆ ಅದು ಉಳಿಯಲ್ಲ ಅಂತ ತಿಳ್ಕೊಂಡು ಮಾಡು. ಬೇಲಿ ಮೇಲೆ ನೀಲಿ ಶಂಖಪುಷ್ಪ ಇದ್ರೆ ಹತ್ತು ಹೂವು ಕಿತ್ತು ಬಿಸಿನೀರಿಗೆ ಹಾಕು, ಹತ್ತು ನಿಮಿಷಕ್ಕೆ ಒಳ್ಳೇ ನೀಲಿ ಬಿಡುತ್ತೆ. ಅದನ್ನ ದಪ್ಪ ಕಾಗದದ ಮೇಲೆ ಅಗಲವಾಗಿ ಬಳಿದು, ಹಸಿ ಇರೋವಾಗ್ಲೇ ಒಂದು ಕಡೆ ನಿಂಬೆರಸದ ಹನಿ ಹಾಕು, ಅಲ್ಲಿ ನೇರಳೆ ಆಗಿ ಗುಲಾಬಿ ಕಡೆ ತಿರುಗುತ್ತೆ. ಇನ್ನೊಂದು ಕಡೆ ಅಡುಗೆ ಸೋಡಾ ಕದಡಿದ ನೀರು ಹಾಕು, ಹಸಿರಾಗುತ್ತೆ. ಒಂದೇ ಹೂವು, ನಾಲ್ಕು ಬಣ್ಣ. ಆ ಹೂವಿನ ಬಣ್ಣಕ್ಕೆ ಆಂಥೋಸಯನಿನ್ ಅಂತಾರೆ, ಹುಳಿ ಸಿಕ್ಕಿದ್ರೆ ಒಂದು ಥರ, ಕ್ಷಾರ ಸಿಕ್ಕಿದ್ರೆ ಇನ್ನೊಂದು ಥರ ಬದಲಾಗುತ್ತೆ. ನಿಮ್ಮನೇಲಿ ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪು ಓಕುಳಿ ಆಗುತ್ತಲ್ಲ, ಅದು ಬೇರೆ ಬಣ್ಣದ ವಸ್ತು, ಆದ್ರೆ ಆಟ ಇದೇ.

ಉಳಿಯಲ್ಲ ಅಂದೆನಲ್ಲ, ಅದನ್ನೂ ನೀನೇ ನೋಡು. ಶಂಖಪುಷ್ಪ, ದಾಸವಾಳ, ಚೆಂಡು ಹೂವು ಮೂರರ ಬಣ್ಣವನ್ನೂ ಪಟ್ಟಿ ಪಟ್ಟಿ ಬಳಿದು, ಒಣಗಿದ ಮೇಲೆ ಅರ್ಧಕ್ಕೆ ರಟ್ಟು ಮುಚ್ಚಿ ಬಿಸಿಲು ಬೀಳೋ ಕಿಟಕಿಗೆ ಅಂಟಿಸು. ಎರಡು ವಾರ ಬಿಟ್ಟು ರಟ್ಟು ತೆಗೆದ್ರೆ ಯಾವುದು ಎಷ್ಟು ಮಾಸಿದೆ ಅಂತ ಗೊತ್ತಾಗುತ್ತೆ. ಅದಕ್ಕೇ ಹೂವಿನ ನೀರಲ್ಲಿ ಮಾಡಿದ್ದನ್ನ ಆವತ್ತೇ ಫೋಟೋ ತೆಗೆದಿಡು, ಆಮೇಲೆ ಅದನ್ನ ನೋಡ್ಕೊಂಡು ಟ್ಯೂಬ್ ಬಣ್ಣದಲ್ಲಿ ದೊಡ್ಡ ಚಿತ್ರ ಮಾಡು.

ಅಂಗಡಿ ಬಣ್ಣ ಎಲ್ಲಾ ಉಳಿಯುತ್ತೆ ಅಂತಾನೂ ಅಂದ್ಕೋಬೇಡ. ನಾನು ಒಂದು ಸಲ ಒಂದು ಹೊಳೆಯೋ ಫ್ಲೋರೊಸೆಂಟ್ ಗುಲಾಬಿ ಬಣ್ಣ ತಂದು, ಆ ಹೊಳಪಿಗೆ ಮರುಳಾಗಿ, ದೊಡ್ಡ ಕಣಗಿಲೆ ಚಿತ್ರ ಮಾಡಿ ನಮ್ಮ ಅಕ್ಕನ ಮನೆಗೆ ಕೊಟ್ಟಿದ್ದೆ. ಪಶ್ಚಿಮದ ಬಿಸಿಲು ಬೀಳೋ ಗೋಡೆ. ಎರಡು ವರ್ಷಕ್ಕೆ ಹೋಗಿ ನೋಡಿದ್ರೆ ಹಸಿರು ಹಾಗೇ ಇದೆ, ಹೂವು ಪೂರ್ತಿ ಮಾಯ, ಬೆಳ್ಳಗೆ. ತುಂಬಾ ಸಂಕಟ ಆಯ್ತು. ಆವತ್ತಿಂದ ಯಾವ ಹೊಸ ಬಣ್ಣ ತಂದ್ರೂ ಮೊದಲು ಕಿಟಕಿ ಪರೀಕ್ಷೆ, ಆಮೇಲೆ ಚಿತ್ರ.

ಪ್ರಶ್ನೆ: ವಯಸ್ಸು 68. ಹೋದ ವರ್ಷ ಎರಡೂ ಕಣ್ಣಿನ ಪೊರೆ ಆಪರೇಷನ್ ಆಯ್ತು. ಅದಾದ ಮೇಲೆ ನಾನು ಮೊದಲು ಬರೆದ ಹೂವಿನ ಚಿತ್ರಗಳೆಲ್ಲ ಹಳದಿ ಹಳದಿಯಾಗಿ ಕಾಣ್ತಿವೆ, ಗಿಡದಲ್ಲಿರೋ ನೀಲಿ ಹೂವು ಮಾತ್ರ ಅತಿಯಾಗಿ ನೀಲಿ. ಯಾವುದು ನಿಜವಾದ ಬಣ್ಣ ಅಂತ ಗೊಂದಲ. (ಮೈಸೂರಿನ ಓದುಗರು)

ಸರ್, ನಿಮ್ಮ ಪತ್ರ ಓದಿ ನನಗೆ ಮೈ ಜುಮ್ ಅಂತು, ಯಾಕಂದ್ರೆ ಇದೇ ಆಗಿದ್ದು ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಗೆ. 1883ರಲ್ಲಿ ಜಿವರ್ನಿ ಅನ್ನೋ ಹಳ್ಳಿಗೆ ಬಂದು, ತೋಟ ಮಾಡಿ, ಕೊಳ ತೋಡಿಸಿ, ನೈದಿಲೆ ಬೆಳೆಸಿ ಅದನ್ನೇ ಬರೀತಾ ಬರೀತಾ ಅವರಿಗೆ ಪೊರೆ ಬಂತು. ಆಗಿನ ಕಾಲದ ಚಿತ್ರಗಳಲ್ಲಿ ಕೆಂಪು, ಕಂದು, ಹಳದಿ ತುಂಬಿಕೊಂಡಿದೆ. 1923ರಲ್ಲಿ ಬಲಗಣ್ಣಿನ ಆಪರೇಷನ್ ಆದ್ಮೇಲೆ ನೀಲಿ ಕಾಣೋ ರೀತಿಯೇ ಬದಲಾಗಿ ಅವರೂ ಗೊಂದಲಕ್ಕೆ ಬಿದ್ರು. ಕಾರಣ ಇಷ್ಟೇ, ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಗಟ್ಟುತ್ತೆ, ನೀಲಿ ಬೆಳಕನ್ನ ತಡೆಯುತ್ತೆ, ಅದು ನಿಧಾನಕ್ಕೆ ಆಗೋದ್ರಿಂದ ನಮಗೆ ಗೊತ್ತೇ ಆಗಲ್ಲ. ಅದನ್ನ ತೆಗೆದು ತಿಳಿ ಲೆನ್ಸ್ ಹಾಕಿದ್ರೆ ತಡೆದಿದ್ದ ನೀಲಿ ಒಮ್ಮೆಗೇ ಒಳಗೆ ಬರುತ್ತೆ.

ಯಾವುದು ನಿಜ ಅಂದ್ರೆ ಎರಡೂ ನೀವು ನಿಜವಾಗಿ ಕಂಡಿದ್ದೇ. ಹಳೇ ಚಿತ್ರಗಳನ್ನ ದಯವಿಟ್ಟು ತಿದ್ದಬೇಡಿ, ಹಿಂಬದಿಯಲ್ಲಿ ಆಪರೇಷನ್‌ಗೆ ಮೊದಲು ಅಂತ ತಾರೀಖು ಹಾಕಿಡಿ. ಈಗ ಅದೇ ಗಿಡ, ಅದೇ ಜಾಗದಲ್ಲಿ ಕೂತು ಇನ್ನೊಂದು ಬರೀರಿ, ಹಳೇದನ್ನ ನೋಡದೆ. ಎರಡನ್ನೂ ಪಕ್ಕಪಕ್ಕ ತೂಗು ಹಾಕೋ ಭಾಗ್ಯ ಎಲ್ಲರಿಗೂ ಸಿಗಲ್ಲ. ನನಗೂ ಒಂದು ಫೋಟೋ ಕಳಿಸಿ.

ಪ್ರಶ್ನೆ: ಆರನೇ ಫ್ಲೋರ್ ಫ್ಲಾಟ್, ಗಾರ್ಡನ್ ಇಲ್ಲ, ಬಾಲ್ಕನೀಲಿ ಒಂದು ತುಳಸಿ, ಒಂದು ಮನಿ ಪ್ಲಾಂಟ್ ಅಷ್ಟೆ. ಇಂಟರ್ನೆಟ್‌ನಲ್ಲಿ ಹೂವಿನ ಫೋಟೋ ನೋಡ್ಕೊಂಡು ಮಾಡಿದ್ರೆ ನಡೆಯುತ್ತಾ? (ಬೆಂಗಳೂರಿನ ಐಟಿ ಉದ್ಯೋಗಿ)

ನಡೆಯುತ್ತೆ ಆದ್ರೆ ಬೇಡ. ಕೆಂಪು ದಾಸವಾಳವನ್ನ ಬಿಸಿಲಲ್ಲಿ ಫೋನಿಂದ ತೆಗೆದು ನೋಡಿ, ಎಸಳಿನ ಒಳಗಿನ ಗೆರೆ, ಮಡಿಕೆ ಎಲ್ಲಾ ಹೋಗಿ ಕೆಂಪು ಒಂದೇ ಮುದ್ದೆ ಆಗಿರುತ್ತೆ. ಕ್ಯಾಮೆರಾ ಎಲ್ಲಿ ಸೋಲುತ್ತೋ ಅಲ್ಲೇ ನಮ್ಮ ಕೆಲಸ ಶುರು ಆಗೋದು.

ನೀವಿರೋ ಊರು ಹೂವಿನ ಊರು. ಜನವರಿ ಕಳೀತಿದ್ದ ಹಾಗೆ ಟಬೆಬೂಯ ಗುಲಾಬಿ, ಆಮೇಲೆ ಜಕರಂಡ ನೇರಳೆ, ಏಪ್ರಿಲ್ ಮೇಗೆ ಗುಲ್‌ಮೊಹರ್ ಕೆಂಪು, ಒಂದಾದ ಮೇಲೆ ಒಂದು ಹೂ ಬಿಡೋ ಹಾಗೆ ಮರ ನೆಡೋ ಯೋಚನೆ ಲಾಲ್‌ಬಾಗ್ ನೋಡ್ಕೊಂಡಿದ್ದ ಕೃಂಬಿಗಲ್ ಅವರದ್ದು. ಅದನ್ನೇ ಜೀವಮಾನ ಪೂರ್ತಿ ಬರೆದವರು ನಮ್ಮ ರುಮಾಲೆ ಚನ್ನಬಸವಯ್ಯನವರು, 1910ರಿಂದ 1988, ಸ್ವಾತಂತ್ರ್ಯ ಹೋರಾಟಗಾರರೂ ಹೌದು, ಮರದ ಎದುರೇ ಹೋಗಿ ನಿಂತು ಬರೀತಿದ್ರು. ಅವರದ್ದು ಅಬ್‌ಸ್ಟ್ರಾಕ್ಟ್ ಅಲ್ಲ, ಮರ ಮರವಾಗೇ ಇರುತ್ತೆ, ಆದ್ರೆ ಅವರ ಒಂದು ಗುಲ್‌ಮೊಹರ್‌ನ ಒಂದಡಿ ದೂರದಿಂದ ನೋಡಿ, ಅಲ್ಲಿ ಮರವೂ ಇಲ್ಲ ಹೂವೂ ಇಲ್ಲ, ದಪ್ಪ ದಪ್ಪ ಬಣ್ಣದ ಹೊಡೆತ ಅಷ್ಟೆ. ನಾಲ್ಕು ಹೆಜ್ಜೆ ಹಿಂದೆ ಬಂದ್ರೆ ಬೇಸಿಗೆ. ನೀವು ಆ ಒಂದಡಿ ದೂರದಲ್ಲೇ ನಿಂತುಬಿಡಿ, ಅಲ್ಲಿಂದ ನಿಮ್ಮ ಚಿತ್ರ ಶುರು.

ಲಾಲ್‌ಬಾಗ್ ಫ್ಲವರ್ ಶೋ ಚೆಂದ, ಆದ್ರೆ ಆಗಸ್ಟ್ 15ರ, ಜನವರಿ 26ರ ಆ ನೂಕುನುಗ್ಗಲಲ್ಲಿ ಐದು ನಿಮಿಷ ಒಂದು ಕಡೆ ನಿಲ್ಲೋಕಾಗಲ್ಲ. ಅದರ ಬದಲು ಒಂದು ಭಾನುವಾರ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಮೇಲಿನ ಮಹಡಿಯಿಂದ ಕೆಳಗೆ ನೋಡಿ. ಚೆಂಡು ಹೂವಿನ ರಾಶಿ, ಸೇವಂತಿಗೆ ರಾಶಿ, ನಡುವೆ ಕಪ್ಪು ಪ್ಲಾಸ್ಟಿಕ್ ಶೀಟು, ನೀಲಿ ಟಾರ್ಪಾಲ್, ಹೂವಿನ ಮೂಟೆ ಹೊತ್ತವರ ತಲೆಯ ಟವೆಲ್. ಆ ಚೌಕ ಚೌಕ ಬಣ್ಣಗಳನ್ನ ಹತ್ತು ಮನೆ ಪಟ್ಟಿಗೆ ತುಂಬಿಸ್ಕೊಂಡು ಬನ್ನಿ.

ಪ್ರಶ್ನೆ: ಕ್ಯಾನ್ವಾಸ್ ದುಬಾರಿ, ಏನ್ ಮಾಡೋದು? (ಕಲಬುರಗಿಯ ಓದುಗರು)

ಕ್ಯಾನ್ವಾಸ್ ಬೇಡವೇ ಬೇಡ. 300 ಜಿಎಸ್‌ಎಂ ಅಂತ ಬರೆದಿರೋ ದಪ್ಪ ಕಾಗದ ಎ3 ಅಳತೇದು ತಗೊಳ್ಳಿ, ಆಕ್ರಿಲಿಕ್ ಚೆನ್ನಾಗಿ ತಡೆಯುತ್ತೆ, ಅಂಚಿಗೆ ಟೇಪ್ ಹಾಕಿ ಹಲಗೆಗೆ ಅಂಟಿಸಿದ್ರೆ ಸುಕ್ಕಾಗಲ್ಲ. ಬ್ರಶ್ ಹಾರ್ಡ್‌ವೇರ್ ಅಂಗಡಿದು ಸಾಕು, ಹಳೇ ಎಟಿಎಂ ಕಾರ್ಡ್ ಬಣ್ಣ ಎಳೆಯೋಕೆ ಬಲು ಚೆನ್ನ. ದುಡ್ಡು ಇದ್ರೆ ಬಣ್ಣಕ್ಕೆ ಹಾಕಿ, ಒಳ್ಳೇ ಮಜೆಂಟಾ ಒಂದು ಟ್ಯೂಬ್.

ಪ್ರಶ್ನೆ: ಚಿತ್ರ ಮುಗೀತು ಅಂತ ಹೇಗೆ ಗೊತ್ತಾಗೋದು? ಹೂವು ಇದ್ದ ಹಾಗೆ ಬಿಡಿಸೋದಾದ್ರೆ ಕೊನೇ ಎಸಳು ಆದ್ರೆ ಮುಗೀತು. ಇದಕ್ಕೆ ಕೊನೆಯೇ ಇಲ್ಲ, ಪ್ರತೀ ಸಲ ಚೆನ್ನಾಗಿದ್ದದ್ದನ್ನ ಹಾಳು ಮಾಡ್ತೀನಿ. (ಮಂಗಳೂರಿನ ಓದುಗರು)

ಎಲ್ರಿಗೂ ಆಗೋದು ಇದು. ಮೊನೆಯೇ 1908ರಲ್ಲಿ ಪ್ರದರ್ಶನಕ್ಕೆ ಮುಂಚೆ 15 ನೈದಿಲೆ ಕ್ಯಾನ್ವಾಸ್‌ಗಳನ್ನ ಸರಿ ಬಂದಿಲ್ಲ ಅಂತ ಹಾಳು ಮಾಡಿಬಿಟ್ರು.

ನಾನು ಮಾಡೋದು ಹೇಳ್ತೀನಿ. ಬ್ರಶ್ಶಿಗೆ ಬಣ್ಣ ಅದ್ದೋ ಮುಂಚೆ ಇದು ಎಲ್ಲಿಗೆ, ಯಾಕೆ ಅಂತ ಒಂದು ಮಾತಲ್ಲಿ ಹೇಳೋಕಾಗುತ್ತಾ ನೋಡ್ಕೋತೀನಿ. ಬಲಗಡೆ ಹಳದಿ ಜಾಸ್ತಿ ಭಾರ ಆಯ್ತು, ಅದಕ್ಕೆ ಇಲ್ಲಿ ಬೂದು, ಹೀಗೆ. ಹೇಳೋಕಾಗದೆ ಬರೀ ಕೈ ತುರಿಸ್ತಿದೆ ಅಂದ್ರೆ ಬ್ರಶ್ ತೊಳೆದು ಎದ್ದುಬಿಡ್ತೀನಿ. ಚಿತ್ರನ ತಲೆಕೆಳಗು ಮಾಡಿ ಗೋಡೆಗೆ ಒರಗಿಸಿ ಅಡುಗೆ ಕೆಲಸಕ್ಕೆ ಹೋಗ್ತೀನಿ, ಓಡಾಡುವಾಗ ಓರೆಗಣ್ಣಲ್ಲಿ ಬಿದ್ದಾಗ ಯಾವ ಜಾಗ ಚುಚ್ಚುತ್ತೋ ಅದಷ್ಟೇ ಸರಿ ಮಾಡ್ತೀನಿ.

ಇನ್ನೊಂದು ಸಂಜೆ ಪರೀಕ್ಷೆ. ದೀಪ ಹಾಕೋ ಮುಂಚೆ, ಮುಸ್ಸಂಜೆ ಬೆಳಕಲ್ಲಿ ತೋಟಕ್ಕೆ ಹೋಗಿ ನೋಡಿ, ಮಧ್ಯಾಹ್ನ ಉರೀತಿದ್ದ ಕೆಂಪು ದಾಸವಾಳ ಕಪ್ಪಾಗಿ ಎಲೆಗಳೊಳಗೆ ಮುಳುಗಿರುತ್ತೆ, ಆದ್ರೆ ಶಂಖಪುಷ್ಪದ ನೀಲಿ, ಎಲೆ ಹಸಿರು ಇನ್ನೂ ಕಾಣ್ತಿರುತ್ತೆ. 19ನೇ ಶತಮಾನದಲ್ಲಿ ಪುರ್ಕಿನ್ಯೆ ಅನ್ನೋ ಚೆಕ್ ವಿಜ್ಞಾನಿ ಇದನ್ನ ಹೂವು ನೋಡ್ತಾನೇ ಗಮನಿಸಿದ್ದು, ಬೆಳಕು ಕಮ್ಮಿ ಆದ ಹಾಗೆ ಕಣ್ಣು ಕೆಂಪನ್ನ ಮೊದಲು ಬಿಟ್ಟುಬಿಡುತ್ತೆ. ನಿಮ್ಮ ಚಿತ್ರವನ್ನೂ ಆ ಬೆಳಕಲ್ಲಿ ನೋಡಿ. ಕೆಂಪೆಲ್ಲ ಮುಳುಗಿದ ಮೇಲೂ ಅದರಲ್ಲಿ ಒಂದು ಕಟ್ಟು ಉಳಿದಿದ್ರೆ, ತಿಳಿ ಎಲ್ಲಿ ಗಾಢ ಎಲ್ಲಿ ಅಂತ ಕಣ್ಣಿಗೆ ದಾರಿ ಸಿಗ್ತಿದ್ರೆ, ಬಿಟ್ಟುಬಿಡಿ, ಮುಗಿದಿದೆ.

ನಮ್ಮ ಹಿತ್ತಲಲ್ಲಿ ಬೆಟ್ಟದಾವರೆ ಇದೆ, ಬೆಳಿಗ್ಗೆ ಬಿಳಿಯಾಗಿ ಅರಳಿ ಮಧ್ಯಾಹ್ನಕ್ಕೆ ಗುಲಾಬಿಯಾಗಿ ಸಂಜೆಗೆ ಕೆಂಪಾಗೋ ಹೂವು. ಅದರ ಚಿತ್ರ ಒಂದು ಆರು ವಾರದಿಂದ ಗೋಡೆಗೆ ಒರಗಿದೆ, ಬಿಳಿ ಏಳು ಪಾಲು, ಗುಲಾಬಿ ಎರಡು, ಕೆಂಪು ಒಂದು. ಕೆಳಗಡೆ ಎಡಕ್ಕೆ ಒಂದು ಹಸಿರು ಬೇಕು ಅಂತ ದಿನಾ ಅನ್ನಿಸ್ತಿತ್ತು. ಮೊನ್ನೆ ಸಂಜೆ ನೋಡಿದೆ, ಬೇಡ.